ರಾಕಿ ಪರ್ವತಗಳ ನಡುವೆ ಸ್ವಂತ ಹೆಲಿಕಾಪ್ಟರ್: ಕೊಳ್ಳುವ ಮುನ್ನ, ಹಾರುವ ಮುನ್ನ

ಡೆನ್ವರ್ ಸುತ್ತಮುತ್ತ ನಾಲ್ಕು ಜನ ಕನ್ನಡಿಗರು ಸೇರಿದ ಕಡೆ ನಾನು ಹೆಲಿಕಾಪ್ಟರ್ ಹಾರಿಸುತ್ತೇನೆಂಬ ವಿಷಯ ಹೊರಬಿದ್ದರೆ ಮೂರು ಪ್ರಶ್ನೆಗಳು ತಪ್ಪದೆ ಬರುತ್ತವೆ: ಒಂದನ್ನು ಇಟ್ಟುಕೊಳ್ಳುವುದಕ್ಕೆ ಎಷ್ಟು ಖರ್ಚು, ವೀಸಾದ ಮೇಲಿರುವವರೂ ಕೊಳ್ಳಬಹುದೇ, ಬೆಟ್ಟದ ಮೇಲೆ ಎಲ್ಲಿ ಬೇಕಾದರೂ ಇಳಿಸಬಹುದೇ. ಪ್ರತಿ ಸಲವೂ ತಟ್ಟೆ ಹಿಡಿದುಕೊಂಡೇ ಅರ್ಧಂಬರ್ಧ ಉತ್ತರ ಹೇಳುವುದಕ್ಕಿಂತ ಒಮ್ಮೆ ಕ್ರಮವಾಗಿ ಬರೆದಿಡುವುದು ಮೇಲೆಂದು ಈ ಲೇಖನ. ಇಲ್ಲಿ ಹೇಳಿರುವ ಕಾನೂನೆಲ್ಲ ಅಮೆರಿಕದ್ದು, ಬೆಟ್ಟಗಳು ಕೊಲೊರಾಡೊ ರಾಜ್ಯದವು. ಸಕಲೇಶಪುರ, ಮೂಡಿಗೆರೆಯ ಕಡೆಯಿಂದ ಕೇಳುವ ತೋಟದ ಮಾಲೀಕರಿಗೆ ಗಾಳಿ ಮತ್ತು ಭಾರದ ಭಾಗ ಉಪಯೋಗಕ್ಕೆ ಬರುತ್ತದೆ; ಕಾಗದಪತ್ರದ ಭಾಗ ಬರುವುದಿಲ್ಲ.

ಹಂತಗಳಿಗೆ ಹೋಗುವ ಮುನ್ನ ಎರಡು ಮಾತು. ಮೊದಲನೆಯದು ಎತ್ತರದ ಅಂದಾಜು. ಕರ್ನಾಟಕದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿ ಸುಮಾರು 1,925 ಮೀಟರ್, ಅಂದರೆ 6,300 ಅಡಿಯ ಆಸುಪಾಸಿನಲ್ಲಿದೆ. ಡೆನ್ವರ್ ಪಕ್ಕದ ರಾಕಿ ಮೌಂಟನ್ ಮೆಟ್ರೊಪಾಲಿಟನ್ ವಿಮಾನ ನಿಲ್ದಾಣದ ರನ್‌ವೇ 5,673 ಅಡಿ ಎತ್ತರದಲ್ಲಿದೆ. ಮುಳ್ಳಯ್ಯನಗಿರಿಯ ತುದಿಗಿಂತ ಆರುನೂರು ಅಡಿಯಷ್ಟೇ ಕೆಳಗಿನ ಜಾಗದಿಂದ ನಾವು ಹೊರಡುತ್ತೇವೆ. ಬೆಟ್ಟ ಆರಂಭವಾಗುವುದು ಅಲ್ಲಿಂದಾಚೆಗೆ. ಎರಡನೆಯದು, ಸ್ವಂತ ಹೆಲಿಕಾಪ್ಟರಿನ ನಿಜವಾದ ಅಪಾಯ. ಕಂಪನಿಯಲ್ಲಿ ಕೆಲಸ ಮಾಡುವ ಪೈಲಟ್‌ಗೆ ‘ಇವತ್ತು ಬೇಡ’ ಎಂದು ಹೇಳುವವರು ಇನ್ನೊಬ್ಬರಿರುತ್ತಾರೆ. ಮಾಲೀಕನೇ ಪೈಲಟ್ ಆದಾಗ ಆ ಮಾತನ್ನು ಹೇಳುವವರು ಯಾರೂ ಇಲ್ಲ. ಆದ್ದರಿಂದ ಕೆಳಗಿನ ಪ್ರತಿ ಹಂತದಲ್ಲಿ ನಿಮ್ಮ ‘ಬೇಡ’ ಯಾವುದೆಂಬುದನ್ನು ಮನೆಯಲ್ಲಿ ಕುಳಿತು, ಅಂಕಿಯ ರೂಪದಲ್ಲಿ, ಮೊದಲೇ ಬರೆದಿಟ್ಟುಕೊಳ್ಳಿ.

ಹಂತ 1: ಪೌರತ್ವ, ಅನುಮತಿ, ಲೈಸೆನ್ಸ್

ಅಮೆರಿಕದ ಪೌರರಲ್ಲದವರು, ಗ್ರೀನ್ ಕಾರ್ಡ್ ಇದ್ದವರೂ ಸೇರಿದಂತೆ, ಹಾರಾಟದ ಮೊದಲ ತರಬೇತಿಗೆ ಕೂರುವ ಮುನ್ನ ಸಾರಿಗೆ ಭದ್ರತಾ ಇಲಾಖೆಯಾದ ಟಿಎಸ್‌ಎಯ ಒಪ್ಪಿಗೆ ಪಡೆಯಬೇಕು. ಬೆರಳಚ್ಚು ಕೊಡಬೇಕು, ಶುಲ್ಕ ಕಟ್ಟಬೇಕು. ವೀಸಾದ ಮೇಲಿರುವವರು ತಮ್ಮ ವೀಸಾದ ಷರತ್ತಿಗೆ ತರಬೇತಿ ಹೊಂದುತ್ತದೆಯೇ ಎಂದು ವಲಸೆ ವಕೀಲರನ್ನು ಕೇಳಿಯೇ ಮುಂದುವರಿಯುವುದು ಒಳ್ಳೆಯದು.

ಇಲ್ಲಿ ಹಲವರು ಎಡವುವ ಒಂದು ಸಂಗತಿಯಿದೆ. ಹಾರಲು ಕಲಿಯುವುದು ಬೇರೆ, ಹೆಲಿಕಾಪ್ಟರನ್ನು ನಿಮ್ಮ ಹೆಸರಿಗೆ ನೋಂದಾಯಿಸುವುದು ಬೇರೆ. ವೈಮಾನಿಕ ಇಲಾಖೆಯಾದ ಎಫ್‌ಎಎ ಒಬ್ಬ ವ್ಯಕ್ತಿಯ ಹೆಸರಿನಲ್ಲಿ ನೋಂದಣಿ ಮಾಡಿಕೊಡಬೇಕಾದರೆ ಆತ ಅಮೆರಿಕದ ಪೌರನಾಗಿರಬೇಕು ಅಥವಾ ಗ್ರೀನ್ ಕಾರ್ಡ್ ಹೊಂದಿರಬೇಕು. ಎಚ್-1ಬಿ ವೀಸಾದಲ್ಲಿರುವವರು ಲೈಸೆನ್ಸ್ ಪಡೆಯಬಹುದಾದರೂ ನೇರವಾಗಿ ನೋಂದಾಯಿತ ಮಾಲೀಕರಾಗಲಾರರು. ಟ್ರಸ್ಟ್ ಒಂದರ ಹೆಸರಿನಲ್ಲಿ ಯಂತ್ರವನ್ನು ಇಡುವ ದಾರಿ ಇದೆಯಾದರೂ ಅದಕ್ಕೆ ಬೇರೆ ಖರ್ಚು, ಬೇರೆ ವಕೀಲರು. ಮುಂಗಡ ಕೊಟ್ಟ ಮೇಲೆ ಇದು ತಿಳಿದರೆ ಕೈ ಸುಡುತ್ತದೆ.

ಖಾಸಗಿ ಹೆಲಿಕಾಪ್ಟರ್ ಪೈಲಟ್ ಲೈಸೆನ್ಸ್‌ಗೆ 17 ವರ್ಷ ತುಂಬಿರಬೇಕು, ಇಂಗ್ಲಿಷ್ ಬರಬೇಕು, ಮೂರನೇ ದರ್ಜೆಯ ವೈದ್ಯಕೀಯ ಪ್ರಮಾಣಪತ್ರ ಬೇಕು. ಕನಿಷ್ಠ 40 ಗಂಟೆಗಳ ಹಾರಾಟವೆಂದು ನಿಯಮ ಹೇಳುತ್ತದೆ. ಅದರಲ್ಲಿ 20 ಗಂಟೆ ಶಿಕ್ಷಕರ ಜೊತೆ, 10 ಗಂಟೆ ಒಬ್ಬರೇ. ಸಾಮಾನ್ಯವಾಗಿ ಯಾರೂ 40ಕ್ಕೆ ಮುಗಿಸುವುದಿಲ್ಲವಾದ್ದರಿಂದ 60ರಿಂದ 80 ಗಂಟೆಗಳ ಹಣ ಎತ್ತಿಟ್ಟುಕೊಂಡೇ ಶುರುಮಾಡಿ. ಈ ಲೈಸೆನ್ಸಿನಲ್ಲಿ ಬಾಡಿಗೆಗೆ ಜನರನ್ನು ಕೂರಿಸುವಂತಿಲ್ಲ. ಇಂಧನದಂಥ ನೇರ ಖರ್ಚನ್ನು ಜೊತೆಯವರೊಂದಿಗೆ ಹಂಚಿಕೊಳ್ಳಬಹುದು, ಆದರೆ ನಿಮ್ಮ ಪಾಲನ್ನು ನೀವು ಕೊಡಲೇಬೇಕು.

ಹಂತ 2: ಯಂತ್ರದ ಆಯ್ಕೆ

ಖಾಸಗಿ ಮಾಲೀಕರಲ್ಲಿ ಹೆಚ್ಚಾಗಿ ಕಾಣುವುದು ಕ್ಯಾಲಿಫೋರ್ನಿಯಾದ ಟೊರೆನ್ಸಿನಲ್ಲಿ ತಯಾರಾಗುವ ರಾಬಿನ್ಸನ್ ಹೆಲಿಕಾಪ್ಟರುಗಳು. ಇಬ್ಬರು ಕೂರುವ ಆರ್22 ಅಗ್ಗವಾದರೂ ಅದನ್ನು ಬೆಟ್ಟಕ್ಕೆಂದು ಕೊಳ್ಳಬೇಡಿ. ಹಾರಲು ಬೇಕಾದಷ್ಟನ್ನು ಬಳಸಿದ ಮೇಲೆ ಅದರ ಎಂಜಿನ್ನಿನಲ್ಲಿ ಉಳಿಯುವ ಶಕ್ತಿ ತೀರಾ ಕಡಿಮೆ. ಐದು ಜನರ ಆರ್66ಕ್ಕೆ ಟರ್ಬೈನ್ ಎಂಜಿನ್ ಇದೆ, ಎತ್ತರದಲ್ಲಿ ಅದೇ ಉತ್ತಮ, ಬೆಲೆಯೂ ಅದಕ್ಕೆ ತಕ್ಕಂತೆಯೇ ಇದೆ. ನಡುವಿನದು ನಾಲ್ಕು ಜನರ ಆರ್44. ಇದರಲ್ಲಿ ರೇವನ್ 1 ಎಂಬುದು ಕಾರ್ಬ್ಯುರೇಟರ್ ಇರುವ ಮಾದರಿ, ಗರಿಷ್ಠ ಭಾರ 2,400 ಪೌಂಡ್. ರೇವನ್ 2 ಇಂಧನವನ್ನು ನೇರವಾಗಿ ಚಿಮ್ಮಿಸುವ ಮಾದರಿ, ಗರಿಷ್ಠ ಭಾರ 2,500 ಪೌಂಡ್. ಬೆಟ್ಟಕ್ಕೆ ರೇವನ್ 2 ಎಂದೇ ನನ್ನ ಅಭಿಪ್ರಾಯ: ಶಕ್ತಿ ಹೆಚ್ಚು, ಜೊತೆಗೆ ತೇವವಿರುವ ತಂಪು ಗಾಳಿಯಲ್ಲಿ ಕಾರ್ಬ್ಯುರೇಟರಿನೊಳಗೆ ಮಂಜುಗಡ್ಡೆ ಕಟ್ಟುವ ತಾಪತ್ರಯ ಇದಕ್ಕಿಲ್ಲ.

ಆರ್22 ಮತ್ತು ಆರ್44ಗಳಿಗೆಂದೇ ಎಫ್‌ಎಎ ಹೊರಡಿಸಿರುವ ವಿಶೇಷ ನಿಯಮವೊಂದಿದೆ. ಅದನ್ನು ಎಸ್‌ಎಫ್‌ಎಆರ್ 73 ಎಂದು ಕರೆಯುತ್ತಾರೆ. ಹೆಲಿಕಾಪ್ಟರಿನಲ್ಲಿ ಒಟ್ಟು 200 ಗಂಟೆ, ಅದರಲ್ಲಿ 50 ಗಂಟೆ ಆರ್44ರಲ್ಲೇ ಹಾರಿರದವರು, ರಾಬಿನ್ಸನ್ ಹೆಲಿಕಾಪ್ಟರಿನಲ್ಲಿ ಕನಿಷ್ಠ 10 ಗಂಟೆ, ಅದರಲ್ಲಿ 5 ಗಂಟೆಯಾದರೂ ಆರ್44ರಲ್ಲೇ, ಶಿಕ್ಷಕರೊಂದಿಗೆ ಹಾರಿ ಅವರ ಸಹಿ ಪಡೆದಿರಬೇಕು. ವಿಮೆ ಕಂಪನಿಗಳು ಇದಕ್ಕಿಂತ ಹೆಚ್ಚು ಕೇಳುವುದು ಸಾಮಾನ್ಯ. ಆದ್ದರಿಂದ ಯಂತ್ರ ಹುಡುಕುವ ಮೊದಲೇ ವಿಮೆಯ ದರ ಕೇಳಿ. ಹೊಸ ಪೈಲಟ್‌ಗೆ ಆ ಉತ್ತರವೇ ಎಷ್ಟೋ ಸಲ ನಿರ್ಧಾರವನ್ನು ಬದಲಿಸುತ್ತದೆ.

ಹಂತ 3: ಗಂಟೆಯನ್ನಲ್ಲ, ವರ್ಷವನ್ನು ನೋಡಿ

ಹೊಸ ರೇವನ್ 2ರ ಬೆಲೆ ಐದು ಲಕ್ಷ ಡಾಲರನ್ನು ದಾಟಿದೆ. ಹಾಗಾಗಿ ಬಹುತೇಕರು ಹಳೆಯದನ್ನು ನೋಡುತ್ತಾರೆ, ಅಲ್ಲಿಯೇ ಸಿಕ್ಕಿಬೀಳುತ್ತಾರೆ. ಆರ್44 ಅನ್ನು 2,200 ಗಂಟೆ ಅಥವಾ 12 ವರ್ಷ, ಇವೆರಡರಲ್ಲಿ ಯಾವುದು ಮೊದಲು ಬರುತ್ತದೋ ಆಗ ಪೂರ್ತಿ ಬಿಚ್ಚಿ ಮರುಜೋಡಣೆ ಮಾಡಿಸಬೇಕು. ಇದಕ್ಕೆ ಓವರ್‌ಹಾಲ್ ಎನ್ನುತ್ತಾರೆ. ಖರ್ಚು ಲಕ್ಷಗಳ ಲೆಕ್ಕದಲ್ಲಿ, ಅದೂ ಡಾಲರಿನಲ್ಲಿ. ವರ್ಷಕ್ಕೆ 80 ಗಂಟೆ ಹಾರುವ ಮಾಲೀಕನಿಗೆ 12 ವರ್ಷದಲ್ಲಿ ಆಗುವುದು 960 ಗಂಟೆ. ಅಂದರೆ ಖಾಸಗಿ ಮಾಲೀಕನ ಯಂತ್ರಕ್ಕೆ ಗಂಟೆ ಮುಗಿಯುವುದಿಲ್ಲ, ವರ್ಷ ಮುಗಿಯುತ್ತದೆ. ‘ಬರೀ 900 ಗಂಟೆ ಹಾರಿದೆ, ಹೊಸದರಂತಿದೆ’ ಎಂಬ ಜಾಹೀರಾತಿನ ಯಂತ್ರಕ್ಕೆ 11 ವರ್ಷವಾಗಿದ್ದರೆ, ಮಾರುವವನು ನಿಮಗೆ ಕೊಡುತ್ತಿರುವುದು ಮುಂದಿನ ವರ್ಷದ ಓವರ್‌ಹಾಲ್ ಬಿಲ್ಲನ್ನು.

ಖರೀದಿಗೆ ಮುನ್ನ, ಮಾರುವವರಿಗೆ ಸಂಬಂಧವಿರದ, ರಾಬಿನ್ಸನ್ ಕೆಲಸ ಬಲ್ಲ ಮೆಕ್ಯಾನಿಕ್ ಒಬ್ಬರಿಂದ ಪರೀಕ್ಷೆ ಮಾಡಿಸಿ. ಎರಡನ್ನು ನಿರ್ದಿಷ್ಟವಾಗಿ ಕೇಳಿ. ಒಂದು, ಇಂಧನದ ಟ್ಯಾಂಕಿನೊಳಗೆ ರಬ್ಬರಿನಂಥ ಚೀಲವಿದೆಯೇ ಎಂಬುದು: ಹಳೆಯ ಆರ್44ಗಳಲ್ಲಿ ಬರಿಯ ಅಲ್ಯೂಮಿನಿಯಂ ಟ್ಯಾಂಕ್ ಇತ್ತು, ಬಿದ್ದಾಗ ಸೀಳಿ ಬೆಂಕಿ ಹತ್ತಿದ ಪ್ರಕರಣಗಳ ನಂತರ ಕಂಪನಿಯೇ ಚೀಲದ ಟ್ಯಾಂಕ್ ಅಳವಡಿಸಲು ಸೂಚಿಸಿತು. ಎರಡು, ನೆತ್ತಿಯ ಮೇಲೆ ತಿರುಗುವ ಮುಖ್ಯ ರೋಟರಿನ ರೆಕ್ಕೆಗಳು ಯಾವ ತಲೆಮಾರಿನವು ಎಂಬುದು: ಹಳೆಯ ರೆಕ್ಕೆಗಳ ತುದಿಯ ಬಳಿ ಹೊರಹಾಳೆಯ ಅಂಟು ಬಿಡುವ ದೋಷ ಕಂಡುಬಂದು ಎಫ್‌ಎಎ ಆದೇಶಗಳು ಹೊರಟಿದ್ದವು.

ಒಬ್ಬರೇ ಕೊಳ್ಳುವುದಕ್ಕಿಂತ ಮೂವರು ಸೇರಿ ಕೊಳ್ಳುವುದು ಲೇಸು. ಯಂತ್ರ ನಿಲ್ಲಿಸುವ ಹ್ಯಾಂಗರಿನ ಬಾಡಿಗೆ, ವಿಮೆ, ವಾರ್ಷಿಕ ತಪಾಸಣೆ ಎಲ್ಲವೂ ಹಾರದಿದ್ದರೂ ಬರುವ ಖರ್ಚುಗಳೇ. ಇನ್ನೊಂದು ಲಾಭವೂ ಇದೆ. ‘ಬೇಡ’ ಎನ್ನುವ ಇನ್ನಿಬ್ಬರು ಸಿಗುತ್ತಾರೆ.

ಹಂತ 4: ಇಳಿಯುವ ಜಾಗ

ಎಲ್ಲಿ ಬೇಕಾದರೂ ಇಳಿಯಬಹುದೇ? ಇಲ್ಲ. 1964ರ ವಿಲ್ಡರ್‌ನೆಸ್ ಕಾಯ್ದೆಯಡಿ ಘೋಷಿತವಾದ ಕಾಡುಗಳಲ್ಲಿ ಹೆಲಿಕಾಪ್ಟರ್ ಇಳಿಸುವುದು ನಿಷಿದ್ಧ, ಮತ್ತು ಕೊಲೊರಾಡೊದ ಸುಂದರ ಶಿಖರಗಳಲ್ಲಿ ಹೆಚ್ಚಿನವು ಇರುವುದು ಅಂಥ ಕಾಡುಗಳಲ್ಲೇ. ರಾಷ್ಟ್ರೀಯ ಉದ್ಯಾನಗಳಲ್ಲೂ ಇಳಿಯುವಂತಿಲ್ಲ. ಅವುಗಳ ಮೇಲೆ ಹಾರುವಾಗ ನೆಲದಿಂದ 2,000 ಅಡಿ ಎತ್ತರ ಕಾಯ್ದುಕೊಳ್ಳಬೇಕೆಂದು ಎಫ್‌ಎಎ ಪೈಲಟ್‌ಗಳನ್ನು ಕೋರುತ್ತದೆ. ಉಳಿದ ಸರ್ಕಾರಿ ಅರಣ್ಯದಲ್ಲಿ ಸ್ಥಳೀಯ ರೇಂಜರ್ ಕಚೇರಿಯನ್ನು ಕೇಳಿಯೇ ಇಳಿಯಿರಿ.

ನಿಮ್ಮದೇ ಜಮೀನಿನಲ್ಲಿ ಹೆಲಿಪ್ಯಾಡ್ ಮಾಡುವುದಾದರೆ 7480-1 ಎಂಬ ನಮೂನೆಯನ್ನು 90 ದಿನ ಮೊದಲು ಎಫ್‌ಎಎಗೆ ಸಲ್ಲಿಸಬೇಕು. ಆದರೆ ಎಫ್‌ಎಎ ಆಕ್ಷೇಪಿಸಲಿಲ್ಲ ಎಂದ ಮಾತ್ರಕ್ಕೆ ಕೌಂಟಿ, ಅಂದರೆ ಅಲ್ಲಿನ ಜಿಲ್ಲಾಡಳಿತ, ಒಪ್ಪಿದಂತಲ್ಲ. ಕೌಂಟಿಯ ಭೂಬಳಕೆಯ ನಿಯಮ, ನೆರೆಯವರ ಆಕ್ಷೇಪಣೆ, ಸಾರ್ವಜನಿಕ ವಿಚಾರಣೆ ಇವೆಲ್ಲ ಪ್ರತ್ಯೇಕ. ಹೆಲಿಪ್ಯಾಡಿನ ಆಸೆಯಿಂದ ಬೆಟ್ಟದಲ್ಲಿ ಜಮೀನು ಕೊಳ್ಳುವವರು ಕ್ರಯಪತ್ರಕ್ಕೆ ಮುನ್ನವೇ ಕೌಂಟಿಯ ಲಿಖಿತ ಉತ್ತರ ಪಡೆದುಕೊಳ್ಳಿ.

ಹಂತ 5: ಉಳಿಯುವ ಶಕ್ತಿಯ ಲೆಕ್ಕ

ಈ ಹಂತವನ್ನು ಎರಡು ಸಲ ಓದಬೇಕೆಂದು ಕೋರುತ್ತೇನೆ.

ಗಾಳಿ ತೆಳುವಾದಷ್ಟೂ ರೋಟರಿಗೆ ಹಿಡಿತ ಕಡಿಮೆ, ಎಂಜಿನ್ನಿಗೆ ಉಸಿರು ಕಡಿಮೆ. ಎತ್ತರ ಹೆಚ್ಚಿದರೂ ಬಿಸಿಲು ಏರಿದರೂ ಗಾಳಿ ತೆಳುವಾಗುತ್ತದೆ. ಈ ಎರಡನ್ನೂ ಸೇರಿಸಿ ‘ನಿಮ್ಮ ಯಂತ್ರದ ಪಾಲಿಗೆ ಈಗ ಎಷ್ಟು ಎತ್ತರ’ ಎಂದು ಹೇಳುವ ಅಂಕಿಗೆ ಡೆನ್ಸಿಟಿ ಆಲ್ಟಿಟ್ಯೂಡ್ ಎನ್ನುತ್ತಾರೆ; ಕನ್ನಡದಲ್ಲಿ ಸಾಂದ್ರತೆಯ ಎತ್ತರ ಎನ್ನೋಣ. ಲೆಕ್ಕ ಸುಲಭ. ಸಮುದ್ರಮಟ್ಟದಲ್ಲಿ ಪ್ರಮಾಣಿತ ಉಷ್ಣತೆ 15 ಡಿಗ್ರಿ ಸೆಲ್ಸಿಯಸ್, ಪ್ರತಿ ಸಾವಿರ ಅಡಿಗೆ ಅದು ಸುಮಾರು 2 ಡಿಗ್ರಿ ಇಳಿಯುತ್ತದೆ. ಅದಕ್ಕಿಂತ ಎಷ್ಟು ಡಿಗ್ರಿ ಹೆಚ್ಚು ಬಿಸಿ ಇದೆಯೋ ಪ್ರತಿ ಡಿಗ್ರಿಗೆ 120 ಅಡಿಯಂತೆ ಎತ್ತರಕ್ಕೆ ಸೇರಿಸಬೇಕು.

ಉದಾಹರಣೆಗೆ ಲೆಡ್‌ವಿಲ್ ವಿಮಾನ ನಿಲ್ದಾಣವನ್ನು ತೆಗೆದುಕೊಳ್ಳಿ. ಸಾರ್ವಜನಿಕರು ಬಳಸಬಹುದಾದ ನಿಲ್ದಾಣಗಳಲ್ಲಿ ಉತ್ತರ ಅಮೆರಿಕದಲ್ಲೇ ಅತಿ ಎತ್ತರದ್ದು, 9,934 ಅಡಿ. (ಇಲ್ಲಿ ಇಳಿದವರಿಗೆ ಒಂದು ಪ್ರಮಾಣಪತ್ರ ಕೊಡುತ್ತಾರೆ, ಅದರ ಆಸೆಗೇ ಬರುವವರಿದ್ದಾರೆ.) ಅಲ್ಲಿ ಪ್ರಮಾಣಿತ ಉಷ್ಣತೆ ಮೈನಸ್ 5. ಜುಲೈ ತಿಂಗಳ ಮಧ್ಯಾಹ್ನ 22 ಡಿಗ್ರಿ ಇದ್ದರೆ ವ್ಯತ್ಯಾಸ 27. ಅದನ್ನು 120ರಿಂದ ಗುಣಿಸಿದರೆ 3,240. ಸಾಂದ್ರತೆಯ ಎತ್ತರ ಸುಮಾರು 13,200 ಅಡಿ ಆಯಿತು. ಆರ್44 ಹಾರಬಹುದಾದ ಗರಿಷ್ಠ ಸಾಂದ್ರತೆಯ ಎತ್ತರ 14,000 ಅಡಿ. ನೆಲದ ಮೇಲೆ ನಿಂತಿರುವಾಗಲೇ ನಿಮಗೆ ಉಳಿದಿರುವುದು 800 ಅಡಿ.

ಇದು ಕಣ್ಣಿಗೆ ಕಾಣುವುದು ಮ್ಯಾನಿಫೋಲ್ಡ್ ಪ್ರೆಷರ್ ಮಾಪಕದಲ್ಲಿ. ಎಂಜಿನ್ನಿಗೆ ಒಳಹೋಗುವ ಗಾಳಿಯ ಒತ್ತಡವನ್ನು ಪಾದರಸದ ಇಂಚಿನ ಲೆಕ್ಕದಲ್ಲಿ ತೋರಿಸುವ ಮುಳ್ಳು ಅದು. ಎಂಜಿನ್ ಚಾಲೂ ಮಾಡುವ ಮುನ್ನ ಅದು ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸುತ್ತದೆ. ಸಮುದ್ರತೀರದಲ್ಲಿ 30ರ ಹತ್ತಿರ ನಿಲ್ಲುವ ಮುಳ್ಳು ಡೆನ್ವರಿನಲ್ಲಿ 24ರ ಸುತ್ತ, ಲೆಡ್‌ವಿಲ್ಲಿನಲ್ಲಿ 21ರ ಆಸುಪಾಸಿನಲ್ಲಿ ನಿಂತಿರುತ್ತದೆ. ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲನ್ನು ಪೂರ್ತಿ ತೆರೆದರೂ ಮುಳ್ಳು ಅದಕ್ಕಿಂತ ಮೇಲೆ ಹೋಗಲಾರದು. ಮೊದಲ ಸಲ ಅಲ್ಲಿ ಇಳಿದಿದ್ದಾಗ, ಹೊರಡುವುದಕ್ಕೆಂದು ಕೂತು ಆ ಮುಳ್ಳನ್ನು ನೋಡಿ, ಜೊತೆಯಲ್ಲಿದ್ದ ಶಿಕ್ಷಕರು ಒಂದೂ ಮಾತಾಡದೆ ಹಿಂದಿನ ಸೀಟಿನ ನನ್ನ ಚೀಲವನ್ನು ತೆಗೆದು ಹೊರಗಿಟ್ಟರು.

ಈಗ ಭಾರ. ನಿಮ್ಮ ರೇವನ್ 2ರ ಖಾಲಿ ತೂಕ 1,550 ಪೌಂಡ್ ಎಂದಿಟ್ಟುಕೊಳ್ಳಿ. ತಲಾ 180 ಪೌಂಡಿನ ನಾಲ್ವರಿಗೆ 720; ಗ್ಯಾಲನ್ನಿಗೆ 6 ಪೌಂಡಿನಂತೆ 30 ಗ್ಯಾಲನ್ ಇಂಧನಕ್ಕೆ 180. ಒಟ್ಟು 2,450. ಕಾಗದದ ಮೇಲೆ 2,500ರ ಒಳಗಿದೆ, ಕಾನೂನಿಗೆ ಸರಿಯಾಗಿದೆ, ಆದರೂ ಆ ಮಧ್ಯಾಹ್ನ ಆ ಎತ್ತರದಲ್ಲಿ ಈ ಯಂತ್ರ ಅದನ್ನು ಎತ್ತಿ ಸುರಕ್ಷಿತವಾಗಿ ನಿಲ್ಲಲಾರದು. ಕಾನೂನು ಒಪ್ಪುವ ಭಾರ ಬೇರೆ, ಗಾಳಿ ಒಪ್ಪುವ ಭಾರ ಬೇರೆ.

ಗಾಳಿ ಎಷ್ಟನ್ನು ಒಪ್ಪುತ್ತದೆಂಬುದನ್ನು ಯಂತ್ರದ ಕೈಪಿಡಿಯಲ್ಲಿರುವ ಎರಡು ನಕ್ಷೆಗಳು ಹೇಳುತ್ತವೆ. ಹೆಲಿಕಾಪ್ಟರ್ ನೆಲಕ್ಕೆ ಹತ್ತಿರವಾಗಿ ಗಾಳಿಯಲ್ಲಿ ನಿಂತಾಗ ಕೆಳಕ್ಕೆ ತಳ್ಳಿದ ಗಾಳಿಗೆ ನೆಲ ಅಡ್ಡವಾಗಿ ರೋಟರಿಗೆ ಆಸರೆ ಸಿಗುತ್ತದೆ. ಇದು ನೆಲದಾಸರೆಯ ಹೋವರ್. ನೆಲದಿಂದ ಮೇಲೇರಿದಾಗ, ಇಲ್ಲವೇ ಬಂಡೆಯ ತುದಿಯಂಥ ಕಡೆ, ಆ ಆಸರೆ ಇಲ್ಲ. ಇದು ಆಸರೆಯಿಲ್ಲದ ಹೋವರ್, ಇದಕ್ಕೆ ಹೆಚ್ಚು ಶಕ್ತಿ ಬೇಕು. ಹೊಸಬರು ಮೊದಲ ನಕ್ಷೆಯನ್ನು ನೋಡಿ ಹೊರಡುತ್ತಾರೆ. ನೀವು ಎರಡನೆಯದನ್ನೇ ನೋಡಿ: ಇಳಿಯುವ ಜಾಗದ ಎತ್ತರ ಮತ್ತು ಉಷ್ಣತೆಯಲ್ಲಿ ಆಸರೆಯಿಲ್ಲದೆ ನಿಲ್ಲಲು ನಕ್ಷೆ ಒಪ್ಪದಿದ್ದರೆ ಹೋಗಬೇಡಿ. ಜನರನ್ನು ಇಳಿಸಿ, ಇಂಧನ ಕಡಿಮೆ ಮಾಡಿ, ಅಥವಾ ಬೆಳಗ್ಗೆ ಆರಕ್ಕೆ ಹೊರಡಿ. ಇಂಧನ ಕಡಿಮೆ ಮಾಡುವಾಗ ಆರ್44 ಗಂಟೆಗೆ ಸುಮಾರು 15 ಗ್ಯಾಲನ್ ಕುಡಿಯುತ್ತದೆಂಬುದು ನೆನಪಿರಲಿ. ಹಗಲಿನಲ್ಲಿ 20 ನಿಮಿಷದ ಮೀಸಲು ಸಾಕೆಂದು ನಿಯಮ ಹೇಳುತ್ತದೆ. ಒಂದು ಕಣಿವೆ ಮುಚ್ಚಿಕೊಂಡರೆ ಸುತ್ತಿ ಬರಬೇಕಾದ ಈ ನಾಡಿನಲ್ಲಿ ನಾನು 45 ನಿಮಿಷಕ್ಕಿಂತ ಕಡಿಮೆ ಇಡುವುದಿಲ್ಲ.

ಲೆಕ್ಕ ತಪ್ಪಿದರೆ ಆಗುವುದು ಇಷ್ಟು. ಎಡಗೈಯಲ್ಲಿರುವ ಕಲೆಕ್ಟಿವ್ ಎಂಬ ಸನ್ನೆಕೋಲನ್ನು ಎತ್ತಿದಾಗ ರೆಕ್ಕೆಗಳ ಕೋನ ಹೆಚ್ಚಿ ಯಂತ್ರ ಮೇಲೇರಬೇಕು. ಎಂಜಿನ್ನಿನಲ್ಲಿ ಶಕ್ತಿ ಉಳಿದಿರದಿದ್ದರೆ ಯಂತ್ರ ಏರುವ ಬದಲು ರೋಟರಿನ ವೇಗ ಇಳಿಯುತ್ತದೆ; 97 ಶೇಕಡಕ್ಕೆ ಇಳಿದಾಗ ಹಾರ್ನ್ ಕೂಗುತ್ತದೆ. ಆಗ ಇನ್ನಷ್ಟು ಎತ್ತಬೇಕೆಂದು ಕೈ ಹಾತೊರೆಯುತ್ತದೆ, ಪ್ರಾಣ ತೆಗೆಯುವುದು ಅದೇ. ಥ್ರಾಟಲ್ ತಿರುಗಿಸುತ್ತಲೇ ಕಲೆಕ್ಟಿವನ್ನು ಇಳಿಸಬೇಕು. ಇಳಿಸಲು ಕೆಳಗೆ ಜಾಗವಿರಬೇಕು ಎಂಬುದೇ ಇಡೀ ಲೆಕ್ಕದ ಉದ್ದೇಶ. ಕೊಲೊರಾಡೊದ ಈಗಲ್ ಕೌಂಟಿ ನಿಲ್ದಾಣದಲ್ಲಿ ಆರ್ಮಿ ನ್ಯಾಷನಲ್ ಗಾರ್ಡ್ ನಡೆಸುವ ಎತ್ತರದ ಹಾರಾಟದ ಶಾಲೆಯಿದೆ. ದೊಡ್ಡ ಸೇನಾ ಹೆಲಿಕಾಪ್ಟರುಗಳ ಪೈಲಟ್‌ಗಳೂ ಅಲ್ಲಿಗೆ ಬಂದು ಕಲಿಯುವುದು ಮುಖ್ಯವಾಗಿ ಈ ಶಕ್ತಿಯ ಲೆಕ್ಕವನ್ನೇ.

ಹಂತ 6: ಗಾಳಿಯನ್ನು ಓದುವುದು

ಮಳೆಗಾಲದ ಹೊಳೆ ಬಂಡೆಯನ್ನು ಹಾಯುವುದನ್ನು ನೋಡಿದವರಿಗೆ ಬೆಟ್ಟದ ಗಾಳಿ ಅರ್ಥವಾಗುತ್ತದೆ. ಬಂಡೆಗೆ ಬಡಿಯುವ ಕಡೆ ನೀರು ನುಣ್ಣಗೆ ಏರುತ್ತದೆ, ಹಿಂಬದಿಯಲ್ಲಿ ಧುಮುಕಿ ಸುಳಿಯಾಗುತ್ತದೆ. ಕಣಿವೆಯಲ್ಲಿ ಹಾರುವಾಗ ಗಾಳಿ ಬಡಿಯುವ ಇಳಿಜಾರಿನ ಕಡೆಗೇ ಇರಿ. ಅಲ್ಲಿ ಗಾಳಿ ನಿಮ್ಮನ್ನು ಎತ್ತುತ್ತದೆ. ಕಣಿವೆಯ ನಟ್ಟನಡುವೆ ಹಾರಿದರೆ ತಿರುಗಲು ಎರಡೂ ಕಡೆ ಅರ್ಧ ಜಾಗವಷ್ಟೇ ಸಿಗುತ್ತದೆ. ಬೆಟ್ಟದ ಏಣನ್ನು ದಾಟುವಾಗ ನೇರವಾಗಿ ನುಗ್ಗದೆ 45 ಡಿಗ್ರಿ ಓರೆಯಲ್ಲಿ ಸಮೀಪಿಸಿ. ಕುಸಿಯುವ ಗಾಳಿ ಸಿಕ್ಕರೆ ಅರ್ಧ ತಿರುವಿನಲ್ಲೇ ತಗ್ಗಿನ ಕಡೆಗೆ ಮರಳಬಹುದು.

ಬರ್ತೌಡ್, ಮೊನಾರ್ಕ್ ಮುಂತಾದ ಘಾಟಿಗಳ ಮೇಲೆ ಕೊಲೊರಾಡೊ ಸರ್ಕಾರ ಸ್ವಯಂಚಾಲಿತ ಹವಾಮಾನ ಕೇಂದ್ರಗಳನ್ನಿಟ್ಟಿದೆ. ಹೊರಡುವ ಮುನ್ನ ಅವುಗಳ ಗಾಳಿಯ ವೇಗ ಕೇಳಿ. ಏಣಿನ ಮಟ್ಟದಲ್ಲಿ 25 ನಾಟ್ (ಗಂಟೆಗೆ ಸುಮಾರು 46 ಕಿಲೋಮೀಟರ್) ದಾಟಿದ್ದರೆ ಚಿಕ್ಕ ಯಂತ್ರಕ್ಕೆ ಅದು ಮನೆಯಲ್ಲಿರುವ ದಿನ. ಶಿಖರಗಳ ಪೂರ್ವಕ್ಕೆ ಮಸೂರದ ಆಕಾರದ ಮೋಡ ಅಲ್ಲಾಡದೆ ನಿಂತಿದ್ದರೆ ಅದರ ಕೆಳಗೆ ಗಾಳಿ ಅಲೆಯಾಗಿ ಉರುಳುತ್ತಿದೆಯೆಂದು ಅರ್ಥ. ನೋಡಲು ಚೆಂದ, ಹಾರಲು ಬೇಡ. ಜುಲೈ, ಆಗಸ್ಟಿನಲ್ಲಿ ಮಧ್ಯಾಹ್ನವಾಗುತ್ತಿದ್ದಂತೆ ಗುಡುಗು ಮಳೆ ಕಟ್ಟುವುದರಿಂದ ಹನ್ನೆರಡರೊಳಗೆ ಯಂತ್ರ ಹ್ಯಾಂಗರಿನೊಳಗಿರಲಿ.

ಗಾಳಿಯ ಈ ಕುಲುಕಾಟ ರಾಬಿನ್ಸನ್ ಯಂತ್ರಗಳಿಗೆ ವಿಶೇಷ ಅಪಾಯಕಾರಿ ಏಕೆಂಬುದನ್ನು ತಿಳಿದಿರಬೇಕು. ಇವುಗಳ ಎರಡು ರೆಕ್ಕೆಗಳ ರೋಟರ್ ಮಾಸ್ಟ್ ಎಂಬ ಲಂಬ ದಂಡದ ತುದಿಯಲ್ಲಿ ಏತದ ಮರದಂತೆ ತೂಗಾಡುತ್ತದೆ. ಯಂತ್ರದ ಭಾರ ರೋಟರಿನಿಂದ ಜೋತಿರುವವರೆಗೆ ಎಲ್ಲವೂ ಸರಿ. ಏರಿದ ಕೂಡಲೇ ಸೈಕ್ಲಿಕ್ ಎಂಬ ಮುಖ್ಯ ಕೋಲನ್ನು ಮುಂದಕ್ಕೆ ಒತ್ತಿದರೆ, ಇಲ್ಲವೇ ಗಾಳಿ ಕೆಳಕ್ಕೆ ಜಗ್ಗಿದರೆ, ಕ್ಷಣಕಾಲ ಆ ಭಾರ ಹಗುರವಾಗುತ್ತದೆ. ಬಾಲದ ರೋಟರಿನ ತಳ್ಳಾಟಕ್ಕೆ ಯಂತ್ರದ ಒಡಲು ಬಲಕ್ಕೆ ವಾಲುತ್ತದೆ. ಕೈ ತಾನಾಗಿ ಕೋಲನ್ನು ಎಡಕ್ಕೆ ತಳ್ಳುತ್ತದೆ, ರೋಟರಿನ ನಡುಭಾಗ ಮಾಸ್ಟಿಗೆ ಬಡಿದು ಅದನ್ನು ಮುರಿಯಬಲ್ಲದು. ಇದಕ್ಕೆ ಮಾಸ್ಟ್ ಬಂಪಿಂಗ್ ಎನ್ನುತ್ತಾರೆ. ಬೆಟ್ಟ ಹೆಚ್ಚಿರುವ ನ್ಯೂಜಿಲೆಂಡಿನಲ್ಲಿ ಇಂಥ ಅಪಘಾತಗಳು ಮರುಕಳಿಸಿ, ಅಲ್ಲಿನ ಸಾರಿಗೆ ಅಪಘಾತ ತನಿಖಾ ಆಯೋಗ 2016ರಲ್ಲಿ ಇದನ್ನು ತನ್ನ ಎಚ್ಚರಿಕೆಯ ಪಟ್ಟಿಗೆ ಸೇರಿಸಿತ್ತು. ಮೊದಲು ಕೋಲನ್ನು ಮೆಲ್ಲಗೆ ಹಿಂದಕ್ಕೆ ತಂದು ರೋಟರಿಗೆ ಭಾರ ಕೊಡಬೇಕು, ವಾಲಿದ್ದನ್ನು ಸರಿಪಡಿಸುವುದು ಆಮೇಲೆ. ಕುಲುಕಾಟ ಶುರುವಾದೊಡನೆ ವೇಗವನ್ನು 60–70 ನಾಟ್‌ಗೆ ಇಳಿಸಿ ಎಂದು ತಯಾರಕರೇ ಹೇಳುತ್ತಾರೆ. ಇದನ್ನು ಗಾಳಿಯಲ್ಲಿ ಮಾಡಿ ನೋಡಿ ಕಲಿಯುವಂತಿಲ್ಲ, ಪ್ರದರ್ಶನಕ್ಕೂ ನಿಷೇಧವಿದೆ. ನೆಲದ ಮೇಲೆ ಓದಿ, ಕೈಗೆ ಒಗ್ಗಿಸಿಕೊಳ್ಳಬೇಕು.

ಹಂತ 7: ಇಳಿಯುವುದು

ಮೊದಲು ಎತ್ತರದಿಂದ, ಆಮೇಲೆ ತಗ್ಗಿನಿಂದ, ಹೀಗೆ ಎರಡು ಸುತ್ತು ಹಾಕಿ. ಜಾಗದ ಅಳತೆ, ಇಳಿಜಾರು, ನೆಲದ ಗಟ್ಟಿತನ, ಗಾಳಿಯ ದಿಕ್ಕು ನೋಡಿ. ತಂತಿಯನ್ನು ಹುಡುಕಬೇಡಿ, ಕಂಬವನ್ನು ಹುಡುಕಿ. ತಂತಿ ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಹೊರಡುವ ದಾರಿ ನಿರ್ಧಾರವಾಗುವವರೆಗೆ ಇಳಿಯಬೇಡಿ.

ಇಲ್ಲಿ ಕಣ್ಣಳತೆ ಮೋಸ ಮಾಡುತ್ತದೆ. 13,000 ಅಡಿಯ ಸಾಂದ್ರತೆಯ ಎತ್ತರದಲ್ಲಿ ಮಾಪಕ 60 ನಾಟ್ ತೋರಿಸುವಾಗ ಯಂತ್ರದ ನಿಜವಾದ ವೇಗ 73ರ ಹತ್ತಿರವಿರುತ್ತದೆ. ನೆಲ ವೇಗವಾಗಿ ಓಡುವುದನ್ನು ಕಂಡು ಹೊಸಬರು ವೇಗವನ್ನು ಬೇಗನೆ ಇಳಿಸುತ್ತಾರೆ, ವೇಗ ಬಿದ್ದಂತೆ ಶಕ್ತಿಯ ಅಗತ್ಯ ಏರುತ್ತದೆ. ಮುನ್ನಡೆ ಇಲ್ಲದೆ ನಿಮಿಷಕ್ಕೆ 300 ಅಡಿಗಿಂತ ಹೆಚ್ಚು ಇಳಿಯುತ್ತಿದ್ದರೆ ಯಂತ್ರ ತಾನೇ ಎಬ್ಬಿಸಿದ ಸುಳಿಯೊಳಗೆ ಕುಸಿಯಬಹುದು. ಬೆನ್ನಿಗೆ ಗಾಳಿ ಇದ್ದರಂತೂ ಇದು ಕಟ್ಟಿಟ್ಟ ಬುತ್ತಿ. ಗಾಳಿಗೆ ಎದುರಾಗಿ, ನಿಧಾನವಾಗಿ ಬನ್ನಿ. ಇಷ್ಟವಾಗದಿದ್ದರೆ ಬೇಗನೆ ಬಿಟ್ಟು ಹೊರಡಿ. ಹೊಸ ಹಿಮದ ಮೇಲೆ ಇಳಿಯುವುದನ್ನು ಶಿಕ್ಷಕರಿಲ್ಲದೆ ಪ್ರಯತ್ನಿಸಲೇಬೇಡಿ. ರೋಟರ್ ಎಬ್ಬಿಸಿದ ಹಿಮದಲ್ಲಿ ನೆಲವೂ ಆಕಾಶವೂ ಒಂದೇ ಬಿಳುಪಾಗುತ್ತವೆ.

ಹಂತ 8: ಜೊತೆಯವರು ಮತ್ತು ಹಿಂದಿರುಗುವಿಕೆ

ಪಕ್ಕದಲ್ಲಿ ಕೂರುವವರು ಪೈಲಟ್ ಅಲ್ಲದಿದ್ದರೆ ಎಡಗಡೆಯ ನಿಯಂತ್ರಣಗಳನ್ನು ಕಳಚಿಡಿ. ಇಳಿಜಾರಿನಲ್ಲಿ ನಿಂತ ಯಂತ್ರದಿಂದ ಇಳಿದವರು ತಗ್ಗಿನ ಕಡೆಗೇ ಹೋಗಬೇಕು, ಏರಿನ ಕಡೆಗೆ ಎಂದಿಗೂ ಅಲ್ಲ, ಅಲ್ಲಿ ರೆಕ್ಕೆ ತಲೆಯ ಮಟ್ಟಕ್ಕೆ ಬಂದಿರುತ್ತದೆ. ಬಾಲದ ಕಡೆಗಂತೂ ಯಾರೂ ಸುಳಿಯಬಾರದು. ಇದನ್ನು ಎಂಜಿನ್ ಆರಿರುವಾಗಲೇ, ಊರಿನಲ್ಲೇ ಹೇಳಿ, ಮಕ್ಕಳಿದ್ದರೆ ಒಮ್ಮೆ ನಡೆಸಿ ತೋರಿಸಿ. 12,500 ಅಡಿಯ ಮೇಲೆ ಅರ್ಧ ಗಂಟೆ ದಾಟಿದರೆ ಪೈಲಟ್ ಆಮ್ಲಜನಕ ಬಳಸಬೇಕೆಂಬುದು ನಿಯಮ.

ಹೊರಡುವ ಮುನ್ನ ಫ್ಲೈಟ್ ಪ್ಲಾನ್, ಅಂದರೆ ಎಲ್ಲಿಗೆ, ಎಷ್ಟು ಹೊತ್ತಿಗೆ ತಲುಪುತ್ತೀರೆಂಬ ವಿವರ, ಸಲ್ಲಿಸಿ. ನೀವು ಹೇಳಿದ ಸಮಯವಾಗಿ ಅರ್ಧ ಗಂಟೆಯೊಳಗೆ ರೇಡಿಯೊ ಇಲ್ಲವೇ ಫೋನಿನಲ್ಲಿ ತಿಳಿಸಿ ಅದನ್ನು ಮುಗಿಸದಿದ್ದರೆ ನಿಮ್ಮನ್ನು ಹುಡುಕುವ ಕೆಲಸ ಶುರುವಾಗುತ್ತದೆ, ಮತ್ತು ಈ ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಅಪರೂಪ. ಹಾಗಾಗಿ ಇಳಿಯುವ ಮುನ್ನ, ಇನ್ನೂ ಎತ್ತರದಲ್ಲಿ ರೇಡಿಯೊ ತಲುಪುತ್ತಿರುವಾಗಲೇ ಪ್ಲಾನ್ ಮುಗಿಸಿ, ಇಳಿದ ಮೇಲೆ ಉಪಗ್ರಹದ ಮೂಲಕ ಸಂದೇಶ ಕಳಿಸುವ ಸಾಧನದಿಂದ ಮನೆಯವರಿಗೆ ಒಂದು ಸಾಲು ಹಾಕಿ. ಆ ಸಾಧನ ಹಿಂದಿನ ಸೀಟಿನ ಚೀಲದಲ್ಲಿರಬಾರದು, ನಿಮ್ಮ ಅಂಗಿಯ ಜೇಬಿನಲ್ಲಿರಬೇಕು.